ಮಕ್ಕಳ ಬೊಜ್ಜು: ಸಿನ್‌ಬಯೋಟಿಕ್ ಪೂರಕಗಳ ಉಪಯೋಗ ಮತ್ತು ಮಿತಿ

ಕರುಳಿನಲ್ಲಿರುವ ಹಿತಕರ ಬ್ಯಾಕ್ಟೀರಿಯಾಗಳು ಜೀರ್ಣವಾಗದ ನಾರನ್ನು ಹುದುಗಿಸಿ ಕರುಳಿನ ಒಳಪದರವನ್ನು ಪೋಷಿಸುತ್ತವೆ. ಬೊಜ್ಜುಳ್ಳ ಮಕ್ಕಳಲ್ಲಿ ಇವುಗಳ ಸಮತೋಲನ ಭಿನ್ನವಾಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಇಂತಹ ಸಜೀವ ಬ್ಯಾಕ್ಟೀರಿಯಾ ಹಾಗೂ ಅವುಗಳಿಗೆ ಆಹಾರವಾಗುವ ನಾರನ್ನು ಒಟ್ಟುಗೂಡಿಸಿದ ಪೂರಕವೇ ಸಿನ್‌ಬಯೋಟಿಕ್.

ಮಕ್ಕಳಲ್ಲಿ ನಡೆದ ಪ್ರಯೋಗಗಳು ಸಣ್ಣ ಪ್ರಮಾಣದವು, ಫಲಿತಾಂಶಗಳೂ ಏಕರೂಪವಾಗಿಲ್ಲ. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಈ ಪುಡಿಗಳನ್ನು ಕೊಂಡು ಮಕ್ಕಳಿಗೆ ನೀಡುವುದು ಸೂಕ್ತವಲ್ಲ. ರಾಗಿ, ಕಾಳು, ಸೊಪ್ಪುಗಳಲ್ಲಿ ನಾರೂ ಮೊಸರಿನಲ್ಲಿ ಸಜೀವ ಬ್ಯಾಕ್ಟೀರಿಯಾಗಳೂ ಸಹಜವಾಗಿಯೇ ಇವೆ. ಶಾಲಾ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಆಟ ಅಥವಾ ವ್ಯಾಯಾಮ ಅವಶ್ಯ.

ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ಆಹಾರವನ್ನು ಶಾಲಾ ಆವರಣದಲ್ಲಿ ಹಾಗೂ ಅದರ 50 ಮೀಟರ್ ವ್ಯಾಪ್ತಿಯಲ್ಲಿ ಮಕ್ಕಳಿಗೆ ಮಾರುವುದನ್ನು 2020ರ ಆಹಾರ ಸುರಕ್ಷತಾ ನಿಯಮಾವಳಿ ನಿರ್ಬಂಧಿಸುತ್ತದೆ. ಸದಸ್ಯರು ಇದರ ಪಾಲನೆ ಮತ್ತು ಆಟದ ಮೈದಾನದ ರಕ್ಷಣೆಯನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ತರುವುದು.