ಚಾವಣಿಯ ಆಯುಸ್ಸು, ಲ್ಯಾಪ್‌ಟಾಪಿನ ಆಯುಸ್ಸು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಶಾಲಾ ಮಂಡಳಿಗಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಮಂಡಳಿ ತನ್ನ ಬೇಡಿಕೆಯ ಪಟ್ಟಿ ಸಲ್ಲಿಸುತ್ತದೆ. ಸ್ಥಳೀಯ ಪಾಲು ಎಷ್ಟೆಂದು ತೀರ್ಮಾನಿಸುವುದು ಕೌಂಟಿ ಸರ್ಕಾರ. ವಾಷಿಂಗ್ಟನ್‌ ನಗರಕ್ಕೆ ತಾಗಿಕೊಂಡಿರುವ ಮಾಂಟ್ಗೊಮೆರಿ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಕಟ್ಟಡದ ಕೆಲಸಗಳಿಗೆ ಈ ಕೌಂಟಿ 6 ವರ್ಷಗಳ ಯೋಜನೆ ಹಾಕಿಕೊಂಡು, ಎರಡು ವರ್ಷಕ್ಕೊಮ್ಮೆ ಪೂರ್ತಿ ತಿದ್ದುತ್ತದೆ. ಹಣಕ್ಕೆ ಮಾತ್ರ ವರ್ಷವರ್ಷವೂ ಮಂಜೂರಾತಿ ಬೇಕು, ಹಾಗಾಗಿ ಮುಂದಿನ ವರ್ಷಗಳ ಅಂಕಿಗಳು ಬರಿಯ ಉದ್ದೇಶವಾಗಿ ಉಳಿಯುತ್ತವೆ. ಸೋರುವ ಚಾವಣಿ ಮುಂದಿನ ವರ್ಷಕ್ಕೆ, ಅದರಾಚೆಗೆ ಎಂದು ಜಾರುವುದು ಇಲ್ಲಿಯೇ.

ಈ ಜಾರುವಿಕೆಯನ್ನು ಉಳಿತಾಯವೆಂದು ಬಜೆಟ್ ತೋರಿಸುತ್ತದೆ, ಆದರೆ ಅದು ಸಾಲ. ಬಾಂಡ್ ಮೂಲಕ ತಂದ ಸಾಲ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಮಾಡದೆ ಬಿಟ್ಟ ರಿಪೇರಿ ಎಲ್ಲೂ ದಾಖಲಾಗುವುದಿಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನಂತೆ, ದೇಶದ ಶೇ. 41ರಷ್ಟು ಶಾಲಾ ಆಡಳಿತಗಳು ತಮ್ಮ ಕನಿಷ್ಠ ಅರ್ಧದಷ್ಟು ಶಾಲೆಗಳಲ್ಲಿ ಹೀಟಿಂಗ್ ಮತ್ತು ಗಾಳಿಯ ವ್ಯವಸ್ಥೆಯನ್ನು ಸುಧಾರಿಸಬೇಕಿತ್ತು ಇಲ್ಲವೇ ಬದಲಿಸಬೇಕಿತ್ತು. ಒಟ್ಟು ಸುಮಾರು 36,000 ಶಾಲೆಗಳು. 2018ರ ಜನವರಿಯಲ್ಲಿ ಬಾಲ್ಟಿಮೋರ್ ನಗರದಲ್ಲಿ ಈ ಸಾಲ ವಸೂಲಿಗೆ ಬಂತು. ಯಾವ ಕೌಂಟಿಗೂ ಸೇರದೆ ತಾನೇ ಕೌಂಟಿಯ ಸ್ಥಾನದಲ್ಲಿರುವ ಈ ಊರಿನ ಸುಮಾರು 60 ಶಾಲೆಗಳಿಂದ ಹೀಟಿಂಗ್ ಕೆಟ್ಟ ದೂರು ಬಂತು. ಪೈಪುಗಳು ಒಡೆದವು, ಮಕ್ಕಳು ಕೋಟು ತೊಟ್ಟೇ ಪಾಠಕ್ಕೆ ಕುಳಿತರು, ಕೊನೆಗೆ ಶಾಲೆಗಳನ್ನೇ ಮುಚ್ಚಬೇಕಾಯಿತು. 2009ರಿಂದೀಚೆಗೆ ರಿಪೇರಿಗೆಂದು ರಾಜ್ಯ ಕೊಟ್ಟಿದ್ದರಲ್ಲಿ ಸುಮಾರು 6.6 ಕೋಟಿ ಡಾಲರ್ ಅದೇ ನಗರದ ಶಾಲಾ ಆಡಳಿತದಿಂದ ವಾಪಸ್ ಹೋಗಿತ್ತು ಎಂದೂ ಆಗ ವರದಿಯಾಯಿತು: ಕಾಮಗಾರಿ ತಡವಾದದ್ದು, ಅಂದಾಜು ಮೀರಿದ್ದು ಕಾರಣ. ಕೊರತೆ ಹಣದ್ದಷ್ಟೇ ಆಗಿರಲಿಲ್ಲ.

ತಂತ್ರಜ್ಞಾನದ ವಿಷಯದಲ್ಲಿ ತಪ್ಪು ಬೇರೆ ರೀತಿಯದು. ಚಾವಣಿ, ಬಾಯ್ಲರ್‌ಗಳು 20 ವರ್ಷ ಬಾಳುತ್ತವೆ. ಅವನ್ನು 20 ವರ್ಷದ ಬಾಂಡ್‌ನಿಂದ ಕೊಂಡರೆ ಬಳಸುವ ಪೀಳಿಗೆಯೇ ತೀರಿಸುತ್ತದೆ, ಅದು ನ್ಯಾಯ. ಲ್ಯಾಪ್‌ಟಾಪ್ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಅದನ್ನು ದೀರ್ಘ ಸಾಲದಲ್ಲಿ ಕೊಂಡರೆ ಯಂತ್ರ ಗುಜರಿಗೆ ಹೋದ ಮೇಲೂ ಕಂತು ಕಟ್ಟುತ್ತಿರಬೇಕು. ಲಾಸ್ ಏಂಜಲೀಸ್ ಶಾಲಾ ಆಡಳಿತ 2013ರಲ್ಲಿ ಕಟ್ಟಡ ಬಾಂಡಿನ ಹಣದಲ್ಲಿ ಐಪ್ಯಾಡ್ ಕೊಳ್ಳಲು ಹೊರಟು, ಮರುವರ್ಷವೇ ಆ ಗುತ್ತಿಗೆಯಿಂದ ಹಿಂದೆ ಸರಿಯಿತು. ಹಾಗಾಗಿ ಯಂತ್ರಗಳ ಖರ್ಚು ಪ್ರತಿ ವರ್ಷದ ತೆರಿಗೆ ಆದಾಯದಿಂದಲೇ, ಸಂಬಳದಷ್ಟೇ ಖಾಯಂ ಬಾಬತ್ತಾಗಿ ಬರಬೇಕು ಎಂಬುದು ನನ್ನ ವಾದ.

ಒಂದು ಆಕ್ಷೇಪವಿದೆ: ಬೆಳೆಯುವ ಊರಿಗೆ ಹೊಸ ಶಾಲೆಗಳೇ ಮುಖ್ಯವಲ್ಲವೇ? ತರಗತಿಯಲ್ಲಿ ಜಾಗವಿಲ್ಲದ ಮಗುವಿಗೆ ಹಳೆಯ ಕಟ್ಟಡದ ಬಾಯ್ಲರ್ ಚಿಂತೆ ಯಾಕೆ? ಈ ಮಾತಿನಲ್ಲಿ ಹುರುಳಿದೆ. ಆದರೆ ಕಟ್ಟಿದ ದಿನದಿಂದಲೇ ಹೊಸ ಶಾಲೆಯೂ ಹಳತಾಗತೊಡಗುತ್ತದೆ. ಅದರ ನಿರ್ವಹಣೆಯ ವೆಚ್ಚವನ್ನು ಮಂಜೂರಾತಿಯ ಹೊತ್ತಿಗೇ ಬರೆದಿಡದೆ ಕಟ್ಟುವುದು ಮುಂದಿನ ಕೌಂಟಿ ಕೌನ್ಸಿಲ್‌ನ ತಲೆಗೆ ಹೊರೆ ಹೊರಿಸಿದಂತೆ. ಇನ್ನು ಕೇಂದ್ರದ ನೆರವು ಬರುತ್ತದಲ್ಲ ಎನ್ನುವವರಿಗೆ ಕೋವಿಡ್ ಕಾಲವೇ ಉತ್ತರ. ಆಗ ಶಾಲೆಗಳಿಗೆ ಮೂರು ಕಂತುಗಳಲ್ಲಿ ಸುಮಾರು 19,000 ಕೋಟಿ ಡಾಲರ್ ಬಂತು, ಮಕ್ಕಳ ಕೈಗೆ ಯಂತ್ರಗಳೂ ಬಂದವು. ಆ ಹಣವನ್ನು ಖರ್ಚಿಗೆ ಗೊತ್ತುಮಾಡುವ ಕೊನೆಯ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಬದಲಿ ಯಂತ್ರಗಳ ಬಿಲ್ ಈಗ ಕೌಂಟಿಗಳ ಮೇಜಿಗೆ ಬರುತ್ತಿದೆ.

ತಂತ್ರಜ್ಞಾನವೆಂದರೆ ಮಕ್ಕಳ ಕೈಯ ಯಂತ್ರ ಮಾತ್ರವಲ್ಲ ಎಂಬುದೂ ಮುಖ್ಯ. 2020ರ ನವೆಂಬರ್‌ನಲ್ಲಿ ಬಾಲ್ಟಿಮೋರ್ ಕೌಂಟಿಯ (ನಗರದ್ದಲ್ಲ, ಅದರ ಸುತ್ತಲಿನ ಕೌಂಟಿಯ) ಶಾಲಾ ಜಾಲದ ಮೇಲೆ ರಾನ್ಸಮ್‌ವೇರ್ ದಾಳಿ ನಡೆದು, ಸುಮಾರು 1,15,000 ಮಕ್ಕಳ ಆನ್‌ಲೈನ್ ಪಾಠ ನಿಂತಿತು. ಜಾಲದ ಭದ್ರತೆಯಲ್ಲಿ ಲೋಪವಿದೆ ಎಂದ ರಾಜ್ಯ ಲೆಕ್ಕಪರಿಶೋಧಕರ ವರದಿ ಹೊರಬಂದದ್ದು ಹಿಂದಿನ ದಿನ. ಸರ್ವರ್ ಭದ್ರತೆಗೆ ರಿಬ್ಬನ್ ಕತ್ತರಿಸುವ ಸಮಾರಂಭವಿಲ್ಲ, ಬಾಯ್ಲರ್‌ಗೂ ಇಲ್ಲ. ಅದಕ್ಕೇ ಪ್ರತಿ ಬಜೆಟ್‌ನ ಜೊತೆ ಒಂದೊಂದು ಶಾಲೆಯ ಚಾವಣಿ, ಹೀಟಿಂಗ್, ಸರ್ವರ್‌ಗಳ ವಯಸ್ಸು ಮತ್ತು ಈ ವರ್ಷ ಮುಂದೂಡಿದ ಕೆಲಸದ ಮೊತ್ತವನ್ನು ಕೌಂಟಿ ಪ್ರಕಟಿಸಬೇಕು. ಆಗ ಕಡಿತಕ್ಕೆ ಕೈಯೆತ್ತುವ ಸದಸ್ಯರು ಎಷ್ಟು ಸಾಲಕ್ಕೆ ಸಹಿ ಹಾಕುತ್ತಿದ್ದಾರೆಂದು ಮತದಾರರಿಗೆ ಮತದಾನಕ್ಕೆ ಮೊದಲೇ ತಿಳಿದಿರುತ್ತದೆ.