ತೇಗದ ತೋಟದಲ್ಲಿ ಮೊಬೈಲ್ ಜಿಪಿಎಸ್ ಎಷ್ಟು ನಂಬಬಹುದು?

ತೇಗ ದಟ್ಟವಾದಾಗ ಸೊರಗಿದ ಮರ ತೆಗೆದರೆ ಉಳಿದವು ದಪ್ಪ ಆಗುತ್ತವೆ. ತೆಗೆಯೋ ಮರವನ್ನು ಮೊಬೈಲ್ ಲೊಕೇಶನ್‌ನಲ್ಲಿ ಗುರುತು ಹಾಕಿದ್ದೀರಾ? ಹುಷಾರು!

ಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ. ಮರಗಳ ಕೆಳಗೆ ಸಿಗ್ನಲ್ ತಡೆದು ವ್ಯತ್ಯಾಸ ಇನ್ನೂ ಜಾಸ್ತಿ. ಮರಗಳ ಅಂತರ 3 ಮೀಟರ್ ಇದ್ದರೆ, ಪಕ್ಕದ ಒಳ್ಳೆ ಮರಕ್ಕೇ ಗರಗಸ ಬೀಳಬಹುದು.

ಹೀಗೆ ಮಾಡಿ:

1. ಜಿಪಿಎಸ್ ಅನ್ನು ತೋಟ, ಪ್ಲಾಟ್ ಗುರುತಿಗೆ ಮಾತ್ರ ಬಳಸಿ.
2. ಕಾಂಡದ ಮೇಲೆ ಬಣ್ಣದಲ್ಲಿ ಸಾಲು, ಮರದ ನಂಬರ್ ಬರೆಯಿರಿ. ಉದಾ: 4-12.
3. ವರ್ಷಕ್ಕೊಮ್ಮೆ ಎದೆಮಟ್ಟದಲ್ಲಿ ಸುತ್ತಳತೆ ಅಳೆದು, ಅದೇ ನಂಬರಿನಡಿ ಫೋಟೊ ಸಮೇತ ಮೊಬೈಲ್‌ನಲ್ಲಿ ದಾಖಲಿಸಿ.

ಸೊರಗಿದ ಮರ ಯಾವುದು ಅಂತ ಲೆಕ್ಕವೇ ಹೇಳುತ್ತೆ. ಕಡಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿ.