ಹಡಗು ಯಾರದು, ಹೊಣೆ ಯಾರದು?
ಕಡಲ ಸರಕು ಸಾಗಣೆ ಮತ್ತು ನ್ಯೂಜಿಲೆಂಡಿನ ಕಾನೂನು

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಕೂಟದ ವೇದಿಕೆಯಲ್ಲಿ ಸಾಹಿತ್ಯದ ಮಾತು ಸಹಜ, ಸಂಗೀತದ ಮಾತು ಇನ್ನೂ ಸಹಜ. ಹಡಗಿನ ಕಾನೂನನ್ನು ಕುರಿತ ಮಾತು ಅಪರೂಪವೆಂಬುದನ್ನು ನಾವು ಬಲ್ಲೆವು. ಆದರೆ ಈ ಸಭೆ ಮುಗಿದ ಮೇಲೆ ನಾವೆಲ್ಲರೂ ಉಣ್ಣಲಿರುವ ಬಿಸಿಬೇಳೆಭಾತನ್ನು ಒಮ್ಮೆ ನೆನೆಯಿರಿ. ಅದರ ತೊಗರಿಬೇಳೆ, ಹುಣಿಸೆಹಣ್ಣು, ಇಂಗು, ಇವಾವುವೂ ಈ ನೆಲದ ಬೆಳೆಗಳಲ್ಲ. ಅವು ಕಂಟೇನರಿನಲ್ಲಿ ಕುಳಿತು ಕಡಲು ದಾಟಿ ಬಂದವು. ನ್ಯೂಜಿಲೆಂಡಿನ ಹೊರದೇಶದ ವ್ಯಾಪಾರವನ್ನು ತೂಕದಲ್ಲಿ ಅಳೆದರೆ ನೂರರಲ್ಲಿ 99ಕ್ಕೂ ಹೆಚ್ಚು ಪಾಲು ಸಾಗುವುದು ಹಡಗಿನಲ್ಲಿಯೇ. ಆದುದರಿಂದ ಆ ಹಡಗುಗಳನ್ನು ಯಾರು, ಎಷ್ಟರಮಟ್ಟಿಗೆ ಅಂಕೆಯಲ್ಲಿಟ್ಟಿದ್ದಾರೆ ಎಂಬ ಪ್ರಶ್ನೆ ನಮ್ಮ ಅಡುಗೆಮನೆಯ ಪ್ರಶ್ನೆಯೂ ಹೌದು.

‘ಹಡಗಿನ ವ್ಯಾಪಾರ, ಉಪ್ಪಿಗೆ ಬಡತನ’ ಎಂಬ ಗಾದೆ ನಮ್ಮಲ್ಲಿ ಉಂಟು. ಈ ದೇಶದ ಸ್ಥಿತಿ ಹೆಚ್ಚುಕಡಿಮೆ ಅದೇ. 1882ರ ಫೆಬ್ರವರಿ 15ರಂದು ‘ಡನೀಡಿನ್’ ಎಂಬ ಹಾಯಿಹಡಗು ಪೋರ್ಟ್ ಚಾಮರ್ಸ್ ಬಂದರಿನಿಂದ ಶೀತಲೀಕರಿಸಿದ ಮಾಂಸವನ್ನು ಹೊತ್ತು ಲಂಡನ್ನಿಗೆ ಹೊರಟಿತು. ಅಂದಿನಿಂದ ಈ ದೇಶದ ಬಾಳು ಕಡಲ ಸಾಗಣೆಯನ್ನೇ ನೆಚ್ಚಿಕೊಂಡಿದೆ. 1971ರ ಜೂನ್ 19ರಂದು ‘ಕೊಲಂಬಸ್ ನ್ಯೂಜಿಲೆಂಡ್’ ಎಂಬ ಹಡಗು ವೆಲ್ಲಿಂಗ್ಟನ್ನಿಗೆ ಬಂದು ಕಂಟೇನರಿನ ಯುಗವನ್ನು ತೆರೆಯಿತು. 1973ರಲ್ಲಿ ಸರ್ಕಾರವೇ ಒಂದು ಹಡಗು ನಿಗಮವನ್ನು ಸ್ಥಾಪಿಸಿತು. 1989ರಲ್ಲಿ ಅದನ್ನು ಮಾರಿತು. ಇಂದು ಇಲ್ಲಿನ ಹಾಲಿನ ಪುಡಿ, ಕುರಿಮಾಂಸ, ಮರದ ದಿಮ್ಮಿ ಇವೆಲ್ಲವೂ ಪರರ ಹಡಗುಗಳಲ್ಲಿಯೇ ಸಾಗುತ್ತವೆ. ಹಡಗಿನ ಒಡೆತನ ಕೈಬಿಟ್ಟ ಸರ್ಕಾರಕ್ಕೆ ಉಳಿದಿರುವ ಸಾಧನ ಒಂದೇ, ಕಾನೂನು.

ಕಡಲಿನ ಮೇಲೆ ಕಾನೂನನ್ನು ಹೂಡುವುದು ಹೊಸ ವಿಚಾರವಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಯ ಹಡಗುಗಳಿಗೆ ‘ಕಾರ್ತಾಜ್’ ಎಂಬ ರಹದಾರಿ ಪತ್ರವನ್ನು ಕಡ್ಡಾಯ ಮಾಡಿದ್ದರು. ಅದು ಇಲ್ಲದ ಹಡಗನ್ನು ಸರಕುಸಮೇತ ವಶಪಡಿಸಿಕೊಳ್ಳುತ್ತಿದ್ದರು. ಬಸರೂರು, ಹೊನ್ನಾವರ, ಭಟ್ಕಳ, ಮಂಗಳೂರುಗಳ ವರ್ತಕರು ಅದರ ಬಿಸಿಯನ್ನು ಉಂಡವರು. ಅದು ಬಲವುಳ್ಳವನು ಬರೆದ ಕಾನೂನು. ಇಂದಿನದು ಅನೇಕ ದೇಶಗಳು ಕುಳಿತು ಒಪ್ಪಿ ಬರೆದ ಕಾನೂನು. ಆದರೂ ಅದರಲ್ಲಿ ಯಾರ ಬಲ ಎಷ್ಟು ಉಳಿದಿದೆ ಎಂಬುದನ್ನು ಗಮನಿಸುವುದು ನಮ್ಮ ಕರ್ತವ್ಯ.

ಈ ಕಾನೂನಿಗೆ ಮೂರು ಎಳೆಗಳಿವೆ: ಹಡಗಿನ ಸುರಕ್ಷತೆ, ಸಾಗಣೆಯ ಬೆಲೆ, ನಷ್ಟದ ಹೊಣೆ.

ಮೊದಲನೆಯದು ಸುರಕ್ಷತೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದವು ರೂಪುಗೊಂಡಿತು. ಅದರ ಪರಿಷ್ಕೃತ ರೂಪವನ್ನು ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆಯು ಇಂದು ನೋಡಿಕೊಳ್ಳುತ್ತಿದೆ. ನ್ಯೂಜಿಲೆಂಡಿನಲ್ಲಿ ಈ ಒಪ್ಪಂದಗಳಿಗೆ ಬಲ ಕೊಡುವುದು 1994ರ ಕಡಲ ಸಾರಿಗೆ ಕಾಯಿದೆ. ಜಾರಿಗೊಳಿಸುವುದು ‘ಮ್ಯಾರಿಟೈಮ್ ನ್ಯೂಜಿಲೆಂಡ್’ ಎಂಬ ಸಂಸ್ಥೆ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೆಯೋ ಆ ದೇಶವೇ ಅದರ ಮೊದಲ ಪರಿಪಾಲಕ. ಇಲ್ಲಿಯೇ ತೊಡಕು. ಜಗತ್ತಿನ ಹಡಗುಗಳಲ್ಲಿ ಬಹುಪಾಲು ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳಂತಹ ದೇಶಗಳಲ್ಲಿ ದಾಖಲಾಗಿವೆ. ಒಡೆಯ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು. ಈ ಕೊರತೆಯನ್ನು ತುಂಬಲೆಂದು ಬಂದರು ಇರುವ ದೇಶವೂ ಪರದೇಶದ ಹಡಗನ್ನು ಹತ್ತಿ ತಪಾಸಣೆ ಮಾಡುವ, ದೋಷ ಕಂಡರೆ ತಡೆಹಿಡಿಯುವ ಅಧಿಕಾರವನ್ನು ಪಡೆದಿದೆ. ಏಷ್ಯಾ ಪೆಸಿಫಿಕ್ ವಲಯದಲ್ಲಿ ಇದಕ್ಕಾಗಿ 1993ರಲ್ಲಿ ಟೋಕಿಯೋದಲ್ಲಿ ಒಂದು ಒಡಂಬಡಿಕೆಯಾಯಿತು. ನ್ಯೂಜಿಲೆಂಡ್ ಅದರ ಸದಸ್ಯ ರಾಷ್ಟ್ರ.

ಇಷ್ಟೆಲ್ಲ ಇದ್ದೂ ಅನಾಹುತ ತಪ್ಪಲಿಲ್ಲವೆಂಬುದಕ್ಕೆ ‘ರೆನಾ’ ಸಾಕ್ಷಿ. 2011ರ ಅಕ್ಟೋಬರ್ 5ರ ನಸುಕಿನಲ್ಲಿ, ನೇಪಿಯರ್‌ನಿಂದ ಟೌರಂಗಾಕ್ಕೆ ಬರುತ್ತಿದ್ದ ಈ ಕಂಟೇನರ್ ಹಡಗು ಆಸ್ಟ್ರೋಲೇಬ್ ಬಂಡೆಗೆ ಪೂರ್ಣ ವೇಗದಲ್ಲಿ ಬಡಿಯಿತು. ಮಾವೊರಿ ಜನರು ಆ ಬಂಡೆಯನ್ನು ಒಟೈಟಿ ಎಂದು ಕರೆಯುತ್ತಾರೆ. ಹಡಗು ಕಟ್ಟಿದ್ದು ಜರ್ಮನಿಯಲ್ಲಿ, ಬಾವುಟ ಲೈಬೀರಿಯಾದ್ದು, ಒಡೆತನ ಗ್ರೀಸಿನ ಸಮೂಹದ್ದು, ಬಾಡಿಗೆಗೆ ಪಡೆದದ್ದು ಸ್ವಿಟ್ಜರ್ಲೆಂಡಿನ ಸಂಸ್ಥೆ, ದುಡಿಯುವವರು ಫಿಲಿಪೈನ್ಸಿನವರು. ಗೊತ್ತಾದ ಹೊತ್ತಿಗೆ ಬಂದರನ್ನು ತಲುಪುವ ಆತುರದಲ್ಲಿ ದಾರಿಯನ್ನು ಮೊಟಕುಗೊಳಿಸಿದ್ದೇ ಮುಳುವಾಯಿತು. 1,368 ಕಂಟೇನರುಗಳನ್ನು ಹೊತ್ತಿದ್ದ ಹಡಗಿನಿಂದ ಸುಮಾರು 350 ಟನ್ ತೈಲ ಸೋರಿತು. ಕಡಲ ಹಕ್ಕಿಗಳು ಸಾವಿರಗಟ್ಟಲೆ ಸತ್ತವು. ಪಾಪಮೋವಾದ ಮರಳಿನಲ್ಲಿ ಊರಿನ ಜನ ಬಿಳಿಯ ಮೇಲಂಗಿ ತೊಟ್ಟು, ಮೊಣಕಾಲೂರಿ, ತೈಲದ ಉಂಡೆಗಳನ್ನು ಕೈಯಿಂದ ಆಯ್ದರು. 2012ರ ಜನವರಿಯಲ್ಲಿ ಹಡಗು ಎರಡು ತುಂಡಾಯಿತು.

ಹೊಣೆಯ ವಿಚಾರಕ್ಕೆ ಬನ್ನಿ. ನಾಯಕನಿಗೂ ಅವನ ಸಹಾಯಕ ಅಧಿಕಾರಿಗೂ ತಲಾ ಏಳು ತಿಂಗಳ ಸೆರೆವಾಸವಾಯಿತು. ಒಡೆಯ ಸಂಸ್ಥೆಗೆ 3 ಲಕ್ಷ ಡಾಲರ್ ದಂಡ ಬಿತ್ತು. ತೈಲ ಬಳಿಯುವುದೇ ಮೊದಲಾದ ಕಾರ್ಯಗಳಿಗೆ ಸರ್ಕಾರಕ್ಕೆ ತಗುಲಿದ ವೆಚ್ಚ ಸುಮಾರು 4 ಕೋಟಿ 70 ಲಕ್ಷ ಡಾಲರ್. 2012ರ ಅಕ್ಟೋಬರಿನ ಒಪ್ಪಂದದಂತೆ ಒಡೆಯರು ತೆತ್ತದ್ದು 2 ಕೋಟಿ 76 ಲಕ್ಷ. ಉಳಿದುದನ್ನು ತೆತ್ತವರು ತೆರಿಗೆದಾರರು, ಅಂದರೆ ನೀವು, ನಾವು. ಹೀಗೇಕಾಯಿತು? ಹಡಗಿನ ಒಡೆಯನ ಹೊಣೆಗೆ ಅಂತರರಾಷ್ಟ್ರೀಯ ಒಪ್ಪಂದವೊಂದು ಹಡಗಿನ ಗಾತ್ರಕ್ಕೆ ತಕ್ಕ ಮಿತಿ ಹಾಕಿದೆ. ಆ ಮಿತಿಯನ್ನು 1996ರಲ್ಲಿ ಬಹಳವಾಗಿ ಏರಿಸಲಾಗಿತ್ತು. ಆದರೆ ನ್ಯೂಜಿಲೆಂಡ್ 2011ರಲ್ಲಿಯೂ 1976ರ ಹಳೆಯ ಮಿತಿಯನ್ನೇ ಹಿಡಿದುಕೊಂಡಿತ್ತು. ಹೊಸ ಮಿತಿ ಇಲ್ಲಿ ಜಾರಿಗೆ ಬಂದದ್ದು 2014ರಲ್ಲಿ. ಕಾನೂನಿನ ಕಡತವೊಂದು ಮೇಜಿನ ಮೇಲೆ ಕೆಲವು ವರ್ಷ ಕಾದು ಕುಳಿತರೆ ಅದರ ಬೆಲೆ ಎಷ್ಟೆಂಬುದನ್ನು ಒಟೈಟಿ ಬಂಡೆ ತೋರಿಸಿಕೊಟ್ಟಿತು.

ನಮ್ಮ ತಾಯ್ನಾಡಿನ ಕರಾವಳಿಯೂ ಇಂತಹುದನ್ನು ಕಂಡಿದೆ. 2006ರ ಮೇ ತಿಂಗಳ ಕೊನೆಯಲ್ಲಿ ‘ಓಷನ್ ಸೆರಾಯಾ’ ಎಂಬ ಪನಾಮಾ ಬಾವುಟದ ಹಡಗು ಕಾರವಾರದ ಬಳಿ ಬಂಡೆಗೆ ಸಿಲುಕಿ, ಅದರ ತೈಲ ಕಾರವಾರದ ತೀರಕ್ಕೂ ದಕ್ಷಿಣ ಗೋವೆಗೂ ಹರಡಿತು. 2025ರ ಮೇ 25ರಂದು ಕೊಚ್ಚಿಯ ಆಚೆ ‘ಎಂ.ಎಸ್.ಸಿ. ಎಲ್ಸಾ 3’ ಆರುನೂರಕ್ಕೂ ಹೆಚ್ಚು ಕಂಟೇನರುಗಳೊಡನೆ ಮುಳುಗಿತು. ಅದರ ಬಾವುಟವೂ ಲೈಬೀರಿಯಾದ್ದೇ.

ಎರಡನೆಯ ಎಳೆ ಬೆಲೆಯದು. ಅಂಗಡಿಯವರೆಲ್ಲರೂ ಕೂಡಿ ಒಂದೇ ಬೆಲೆ ಕಟ್ಟಿದರೆ ಅದು ಅಪರಾಧವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಹಡಗು ಕಂಪನಿಗಳಿಗೆ ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಅಪರಾಧವಾಗಿರಲಿಲ್ಲ. ‘ಕಾನ್ಫರೆನ್ಸ್’ ಎಂಬ ಹೆಸರಿನ ಕೂಟಗಳಲ್ಲಿ ಸೇರಿ ಅವು ಒಂದೊಂದು ಮಾರ್ಗಕ್ಕೂ ದರ ಗೊತ್ತುಮಾಡುತ್ತಿದ್ದವು. ದರ ಸ್ಥಿರವಾಗಿದ್ದರೆ ಹಡಗು ತಪ್ಪದೆ ಬರುತ್ತದೆ, ದೂರದ ದ್ವೀಪಗಳಿಗೂ ಸೇವೆ ಸಿಗುತ್ತದೆ ಎಂಬುದು ಅವರ ವಾದ. ನ್ಯೂಜಿಲೆಂಡಿನ 1986ರ ವಾಣಿಜ್ಯ ಕಾಯಿದೆಯು ಸ್ಪರ್ಧೆಯನ್ನು ಕಾಪಾಡಲು ಬಂದರೂ ಅಂತರರಾಷ್ಟ್ರೀಯ ಕಡಲ ಸಾಗಣೆಯ ದರ ಒಪ್ಪಂದಗಳಿಗೆ ವಿನಾಯಿತಿ ಕೊಟ್ಟಿತು. 1987ರ ಹಡಗು ಕಾಯಿದೆಯು ಹೊರಹೋಗುವ ಸರಕಿನ ವಿಚಾರದಲ್ಲಿ ತೆಳುವಾದೊಂದು ಮೇಲ್ವಿಚಾರಣೆಯನ್ನು ಮಾತ್ರ ಇರಿಸಿತು.

ಯೂರೋಪಿನ ಒಕ್ಕೂಟವು ಕಾನ್ಫರೆನ್ಸುಗಳ ವಿನಾಯಿತಿಯನ್ನು 2008ರಲ್ಲಿ ಕೊನೆಗೊಳಿಸಿತು. ಇಲ್ಲಿ ಉತ್ಪಾದಕತಾ ಆಯೋಗವು 2012ರಲ್ಲಿ ಅಂತಹುದೇ ಶಿಫಾರಸು ಮಾಡಿತು. 2017ರಲ್ಲಿ ತಿದ್ದುಪಡಿಯಾಗಿ, ಎರಡು ವರ್ಷಗಳ ಅವಧಿ ಕೊಟ್ಟು, 2019ರ ಆಗಸ್ಟಿನಿಂದ ಕಡಲ ಸಾಗಣೆಯೂ ವಾಣಿಜ್ಯ ಕಾಯಿದೆಯ ಅಡಿಗೆ ಬಂದಿತು. ಹಡಗಿನ ಜಾಗವನ್ನು ಹಂಚಿಕೊಳ್ಳುವುದು, ವೇಳಾಪಟ್ಟಿಯನ್ನು ಹೊಂದಿಸಿಕೊಳ್ಳುವುದು ಮುಂತಾದ ಸಹಕಾರಕ್ಕೆ, ಅದು ಸೇವೆಯನ್ನು ಸುಧಾರಿಸುವುದಾದರೆ, ಇಂದೂ ಅವಕಾಶವಿದೆ. ದರ ಕಟ್ಟುವುದಕ್ಕೆ ಇಲ್ಲ. 2021ರ ಏಪ್ರಿಲ್‌ನಿಂದ ಉದ್ದೇಶಪೂರ್ವಕ ಕೂಟ ರಚನೆಗೆ ಏಳು ವರ್ಷಗಳವರೆಗೆ ಸೆರೆವಾಸವೂ ಉಂಟು. ಆದರೆ ಕಾನೂನು ದರವನ್ನು ಇಳಿಸಿಕೊಡುತ್ತದೆಂದು ಭ್ರಮಿಸಬಾರದು. ಕೋವಿಡ್ ಕಾಲದಲ್ಲಿ ಹಡಗಿನ ಬಾಡಿಗೆ ಜಗತ್ತಿನಾದ್ಯಂತ ಹಲವು ಪಟ್ಟು ಏರಿದುದನ್ನು ನಾವೆಲ್ಲ ಬೇಳೆಯ ಚೀಲದ ಬೆಲೆಯಲ್ಲಿಯೇ ಓದಿದೆವು. ಸರ್ಕಾರವು ಮಾಡಬಲ್ಲದ್ದು ಸ್ಪರ್ಧೆಗೆ ಅಡ್ಡಿಯಾಗದಂತೆ ಕಾಯುವುದು. ದೂರದ ಸಣ್ಣ ಮಾರುಕಟ್ಟೆಗೆ ಹಡಗನ್ನು ಕರೆತರುವುದು ಅದರ ಕೈಯಲ್ಲಿಲ್ಲ.

ದೇಶದೊಳಗಿನ ಬಂದರುಗಳ ನಡುವಿನ ಸಾಗಣೆಗೂ ಇದೇ ಕಥೆ. 1995ರಿಂದ ಅಂತರರಾಷ್ಟ್ರೀಯ ಸರಕಿನೊಡನೆ ಹಾದುಹೋಗುವ ಪರದೇಶದ ಹಡಗುಗಳು ಇಲ್ಲಿನ ಒಂದು ಬಂದರಿನಿಂದ ಇನ್ನೊಂದಕ್ಕೂ ಸರಕು ಒಯ್ಯಬಹುದು. ಬಾಡಿಗೆ ಅಗ್ಗವಾಯಿತು, ಸ್ವದೇಶಿ ಹಡಗುಗಳು ಸೊರಗಿದವು. 2016ರ ನವೆಂಬರಿನ ಭೂಕಂಪದಲ್ಲಿ ಕೈಕೌರಾದ ಹೆದ್ದಾರಿ, ರೈಲು ಎರಡೂ ಕಡಿದುಹೋದಾಗ ಕರಾವಳಿ ಹಡಗಿನ ಬೆಲೆ ಎಲ್ಲರಿಗೂ ತಿಳಿಯಿತು.

ಮೂರನೆಯ ಎಳೆ ನಮ್ಮ ನಿಮ್ಮ ಪೆಟ್ಟಿಗೆಗೆ ಸಂಬಂಧಿಸಿದ್ದು. ಇಲ್ಲಿ ನಮ್ಮದೇ ಅನುಭವವೊಂದನ್ನು ಹೇಳಿಕೊಳ್ಳಲು ಅಪ್ಪಣೆಯಿರಲಿ. ನಾವು ಈ ದೇಶಕ್ಕೆ ಬಂದ ಹೊಸತರಲ್ಲಿ ಊರಿನಿಂದ ಹಡಗಿನಲ್ಲಿ ಸಾಮಾನು ತರಿಸಿದೆವು. ಪಾತ್ರೆಪಡಗಗಳು ಸುರಕ್ಷಿತವಾಗಿ ಬಂದವು. ನಮ್ಮ ತಾಯಿಯವರು ಕೈಯಾರೆ ಬರೆದಿಟ್ಟಿದ್ದ ಹಾಡಿನ ಪುಸ್ತಕಗಳ ಪೆಟ್ಟಿಗೆ ಮಾತ್ರ ಉಪ್ಪುನೀರು ಕುಡಿದು ಬಂದಿತ್ತು. ಹೊಸ ಕೆಲಸ, ಮಕ್ಕಳ ಶಾಲೆ ಎಂಬ ಗಡಿಬಿಡಿಯಲ್ಲಿ ನಾವು ದೂರು ಬರೆದುದು ಹದಿನಾಲ್ಕು ತಿಂಗಳ ಬಳಿಕ. ಬಂದ ಉತ್ತರ ಎರಡೇ ಸಾಲು: ಅವಧಿ ಮೀರಿದೆ, ಹಕ್ಕು ಉಳಿದಿಲ್ಲ. ಸಿಟ್ಟು ಬಂದಿತು, ಆದರೆ ಕಾನೂನು ಓದಿದಾಗ ಅವರ ಮಾತು ನಿಜವೆಂದು ತಿಳಿಯಿತು.

ಆ ಕಾನೂನಿನ ಹೆಸರು ಹೇಗ್ ವಿಸ್ಬಿ ನಿಯಮಗಳು. ನ್ಯೂಜಿಲೆಂಡಿನ 1994ರ ಕಾಯಿದೆಯಲ್ಲಿ ಅವು ಸೇರಿವೆ. ಭಾರತದ ಬಂದರಿನಿಂದ ಹೊರಡುವ ಸರಕಿಗೆ ಭಾರತದ ಕಾಯಿದೆ. ಅಲ್ಲಿ 1925ರ ಹಳೆಯ ಕಾಯಿದೆಯ ಬದಲಿಗೆ ಇದೇ ಮಾದರಿಯ ಹೊಸದನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿತು. ಈ ನಿಯಮಗಳಲ್ಲಿ ನಾಲ್ಕು ಸಂಗತಿಗಳನ್ನು ನೆನಪಿಡಬೇಕು.

ಒಂದು, ಹೊರಗೆ ಕಾಣದ ಹಾನಿಯನ್ನು ಸರಕು ಪಡೆದ ಮೂರು ದಿನಗಳೊಳಗೆ ಬರೆದು ತಿಳಿಸಬೇಕು. ದಾವೆ ಹೂಡಲು ಒಂದು ವರ್ಷ ಮಾತ್ರ ಅವಕಾಶ.

ಎರಡು, ಪರಿಹಾರಕ್ಕೆ ಮಿತಿಯಿದೆ: ಒಂದು ಕಟ್ಟಿಗೆ 666.67 ಎಸ್.ಡಿ.ಆರ್., ಇಲ್ಲವೇ ಕಿಲೋ ತೂಕಕ್ಕೆ 2 ಎಸ್.ಡಿ.ಆರ್., ಯಾವುದು ಹೆಚ್ಚೋ ಅದು. ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಇತ್ತೀಚಿನ ವರ್ಷಗಳಲ್ಲಿ ಅದರ ಬೆಲೆ ಇಲ್ಲಿನ ಎರಡು ಡಾಲರಿಗೂ ತುಸು ಹೆಚ್ಚು. ಕಂಟೇನರಿನೊಳಗಿನ ಪೆಟ್ಟಿಗೆಗಳ ಎಣಿಕೆಯನ್ನು ಹಡಗು ರಸೀತಿಯಲ್ಲಿ ನಮೂದಿಸಿದ್ದರೆ ಒಂದೊಂದೂ ಒಂದು ಕಟ್ಟು. ಇಲ್ಲವಾದರೆ ಇಡೀ ಕಂಟೇನರೇ ಒಂದು ಕಟ್ಟು. 1,500 ಕಿಲೋ ತೂಗುವ 60 ಪೆಟ್ಟಿಗೆಗಳು ಪೂರ್ತಿ ನಷ್ಟವಾದವೆನ್ನೋಣ. ಎಣಿಕೆ ಬರೆದಿದ್ದರೆ ಮಿತಿ 40,000 ಎಸ್.ಡಿ.ಆರ್.; ಬರೆಯದಿದ್ದರೆ 3,000 ಮಾತ್ರ. ‘60 ಪೆಟ್ಟಿಗೆಗಳು’ ಎಂಬ ಎರಡು ಪದಗಳ ಬೆಲೆ ಇದು.

ಮೂರು, ಹಡಗು ನಡೆಸುವುದರಲ್ಲಿ ನಾಯಕನು ಮಾಡಿದ ತಪ್ಪಿನಿಂದ ಸರಕು ಹಾಳಾದರೆ ಸಾಗಣೆದಾರನು ಹೊಣೆಯಲ್ಲ. ವಿಚಿತ್ರವೆನಿಸಿದರೂ ನಿಯಮವು ಹಾಗೆಯೇ ಇದೆ. ರೆನಾ ಬಂಡೆಗೆ ಬಡಿದದ್ದೂ ಇಂತಹ ತಪ್ಪಿನಿಂದಲೇ.

ನಾಲ್ಕು, ಹಡಗನ್ನು ಅಪಾಯದಿಂದ ಪಾರುಮಾಡಲು ವೆಚ್ಚ ಮಾಡಿದರೆ, ಸರಕು ಉಳಿದವರೆಲ್ಲರೂ ಅದರಲ್ಲಿ ಪಾಲು ಕೊಡಬೇಕೆಂಬುದು ಕಡಲಿನ ಪುರಾತನ ಧರ್ಮ. ಪಾಲು ಕೊಡುವವರೆಗೆ ನಿಮ್ಮ ಪೆಟ್ಟಿಗೆ ನಿಮ್ಮ ಕೈಸೇರದು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಲುಕಿದ ‘ಎವರ್ ಗಿವನ್’ ಹಡಗಿನ ಸರಕಿಗೆ ಇದೇ ನಿಯಮ ಅನ್ವಯಿಸಿತು.

ಆದುದರಿಂದ ವಿಮೆಯಿಲ್ಲದೆ ಸಾಮಾನು ಕಳುಹಿಸುವುದು ಛತ್ರಿಯಿಲ್ಲದೆ ಆಗುಂಬೆಗೆ ಹೋದಂತೆ. ಪೆಟ್ಟಿಗೆಗಳನ್ನು ಎಣಿಸಿ ಬರೆಯಿಸಿರಿ. ಬೆಲೆಬಾಳುವುದನ್ನು ಮೊದಲೇ ನಮೂದಿಸಿರಿ. ಬಂದ ದಿನವೇ ತೆರೆದು ನೋಡಿರಿ. ಮರದ ಸಾಮಾನು, ಸಂಬಾರ ಪದಾರ್ಥಗಳಿದ್ದರೆ ಜೈವಿಕ ಸುರಕ್ಷತೆಯ ಅಧಿಕಾರಿಗಳಿಗೆ ಮುಚ್ಚಿಡದೆ ತಿಳಿಸಿರಿ. ಹಡಗಿನ ತಳಕ್ಕೆ ಅಂಟಿದ ಪಾಚಿಯನ್ನೂ ಶುಚಿಗೊಳಿಸಿ ಬರಬೇಕೆಂದು 2018ರಲ್ಲಿ ಇಡೀ ದೇಶಕ್ಕೆ ಕಡ್ಡಾಯ ಮಾಡಿದ ನಾಡಿದು. ನಮ್ಮ ಒರಳಿನ ಮಣ್ಣನ್ನು ಅದು ಕೇಳದೆ ಬಿಟ್ಟೀತೆ?

ಕೊನೆಯದಾಗಿ ಒಂದು ಮಾತು. ಹಡಗಿನ ಕಾನೂನುಗಳು ಲಂಡನ್ನಿನಲ್ಲಿ ಹುಟ್ಟಿ, ವೆಲ್ಲಿಂಗ್ಟನ್ನಿನಲ್ಲಿ ಕಾದು, ನಮ್ಮ ಬಾಗಿಲಿಗೆ ತಡವಾಗಿ ಬರುತ್ತವೆ. ಆ ತಡದ ವೆಚ್ಚವನ್ನು ರೆನಾ ಪ್ರಸಂಗದಲ್ಲಿ ಈ ದೇಶವು ತೆತ್ತಿತು. ಪೆಟ್ಟಿಗೆಯೊಂದರ ಪ್ರಸಂಗದಲ್ಲಿ ನಮ್ಮ ಮನೆ ತೆತ್ತಿತು. ಸಂಸತ್ತಿನ ಸಮಿತಿಗಳು ಮಸೂದೆಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯವನ್ನು ಕೇಳುವ ಸಂಪ್ರದಾಯ ಈ ದೇಶದಲ್ಲಿ ಉಂಟು. ಮುಂದಿನ ಬಾರಿ ಕಡಲಿನ ಮಸೂದೆಯೊಂದು ಬಂದಾಗ ಅದು ನಮ್ಮದಲ್ಲವೆಂದು ಪುಟ ತಿರುಗಿಸದಿರೋಣ. ದ್ವೀಪದಲ್ಲಿ ಮನೆ ಮಾಡಿದವರಿಗೆ ಹಡಗಿನ ದಾರಿಯೇ ಊರಿನ ರಸ್ತೆ.